ಒಬ್ಬಾಕಿಗೆ ಮೂರು ಊರಿನ ಹಾಜರಿ

ಸರಕಾರಿ ಹಾಸ್ಟೆಲ್‌ಗಳಾಗ ಗುತ್ತಿಗಿ ಮ್ಯಾಲೆ ಅಡಿಗಿ, ಕಸ-ಮುಸುರಿ ಮಾಡೋರಿಗೆ ಕಾಯ್ದೆ ಪ್ರಕಾರ ರಜಾ ಸಿಗ್ತದೋ ಇಲ್ಲೋ ನೋಡೋದು ನನ್ನ ನೌಕರಿ. ನಾ ಕಾರ್ಮಿಕ ಇಲಾಖಿ ಇನ್ಸ್‌ಪೆಕ್ಟರ್. ಇನ್ನೇನೂ ನೋಡಾಕ ಉಳಿದಿಲ್ಲ ಅನ್ಕೊಂಡ ಮರುದಿನಾನೇ ಯಾರರೇ ಎದಿ ಧಸಕ್ ಅನ್ನಿಸ್ತಾರ. ಹೋದ ತಿಂಗಳು ಒಂದೇ ದಿನದಾಗ ಮೂರು ಸಲ ಅನ್ನಿಸಿದ್ರು.

೧. ರಾಯಚೂರು, ಮುಂಜಾನಿ

ಹಾಜರಿ ಪುಸ್ತಕ ತೆಗದೆ. ಅವತ್ತು ಹನ್ನೆರಡನೇ ತಾರೀಖು. ಸಹಿ, ಹೆಬ್ಬೆಟ್ಟು ಮಾತ್ರ ಮೂವತ್ತರ ತನಕ ಆಗಿದ್ವು! ಬರೋ ಭಾನುವಾರಗಳಿಗೂ!

"ಇದೇನಪಾ ಇದು?" ಅಂದೆ.

ಗುತ್ತಿಗಿದಾರನ ಸೂಪರ್‌ವೈಸರ್ ಎದಿ ಉಬ್ಬಿಸಿದ. "ನಮ್ಮ ಮಂದಿ ಭಾಳ ನಿಯತ್ತಿನವರು ರೀ ಸರ್. ಒಂದಿನಾನೂ ತಪ್ಪಸಂಗಿಲ್ಲ."

ಅಷ್ಟರಾಗ ಅಲ್ಲಿದ್ದ ಹತ್ತು ಮಂದಿ ಕೆಲಸದವರೊಳಗ ಅಡಿಗಿ ಮಾಡಾಕಿ, ಐವತ್ತರ ಆಸುಪಾಸಿನಾಕಿ, ಹತ್ತಿರ ಬಂದಳು. "ಸಾಹೇಬ್ರ, ವಾರಕ್ಕೊಂದು ರಜಾ ಅದ ಅಂತಾರ, ಖರೇ ಏನ್ರಿ? ಮಸರಕಲ್ ಊರಾಗ ಮೊಮ್ಮಗ ಹುಟ್ಟಿ ನಾಕು ತಿಂಗಳಾತು. ಇನ್ನೂ ಮಾರಿ ನೋಡಿಲ್ಲ."

"ನೋಡ್ತೀನಿ ಯವ್ವಾ" ಅಂದೆ.

"ಮುಂದ ಎಲ್ಲಿಗೆ ಸರ್?" ಅಂದ ಸೂಪರ್‌ವೈಸರ್. ದೇವದುರ್ಗ, ಆಮ್ಯಾಲೆ ಮಾನ್ವಿ ಅಂತ ಹೇಳಿಬಿಟ್ಟೆ, ಹುಚ್ಚು ಮುಂಡೇದು ನಾನು.

೨. ದೇವದುರ್ಗ, ಮಧ್ಯಾಹ್ನ

ದಾರ್ಯಾಗ ನಿಂತು ಮಿರ್ಚಿ ಭಜಿ ತಿಂದು ಹೋದೆ. ಅಲ್ಲಿಯ ಹಾಸ್ಟೆಲ್‌ಗೂ ಅದೇ ಗುತ್ತಿಗಿದಾರ, ಅದೇ ಸೂಪರ್‌ವೈಸರ್. ಹತ್ತು ಮಂದಿ ಸಾಲಾಗಿ ನಿಂತಿದ್ರು. ಹೊಸಾ ಟೊಪ್ಪಿಗಿ, ಮಾರಿ ತುಂಬ ಮಾಸ್ಕು. ಭೇಷ್ ಅನ್ನೋದ್ರಾಗ ಒಂದು ಮಾಸ್ಕಿನ ಹಿಂದಿಂದ ದನಿ ಬಂತು.

"ಸಾಹೇಬ್ರ, ಮುಂಜಾನಿ ನಾ ಕೇಳಿದ್ದು ಏನಾತ್ರಿ? ಈಗ ಮಸರಕಲ್ ಮ್ಯಾಲೇ ಬಂದ್ವಿ. ಇವರು ಜೀಪು ಐದು ನಿಮಿಷಾನೂ ನಿಂದರ್ಸಲಿಲ್ಲ."

ಎಲ್ಲಾರ ಮಾಸ್ಕು ತೆಗಸಿದೆ. ಅದೇ ಅಡಿಗಿಯಾಕಿ, ಅವೇ ಹತ್ತು ಮಾರಿ!

ಸೂಪರ್‌ವೈಸರ್ ನಡುವ ಬಂದು ನಿಂತ. "ಆಕಿ ಬ್ಯಾರೆ ರೀ ಸರ್. ಅವಳಿ-ಜವಳಿ."

"ಹತ್ತೂ ಮಂದಿ ಅವಳಿ-ಜವಳಿ ಏನಲೇ?"

"ಒಂದೇ ಓಣಿಯವರು ರೀ ಸರ್. ಹಂಗ ಕಾಣ್ತಾರ."

೩. ಮಾನ್ವಿ, ಸಂಜಿ

ಇನ್ನರೇ ಈ ಆಟ ಬಿಟ್ಟಾರು ಅನ್ಕೊಂಡಿದ್ದೆ. ಎಲ್ಲೀದು ರೀ! ನನಗಿಂತ ಮುಂಚೆ ಬಂದು ಅದೇ ಹತ್ತು ಮಂದಿ ನಿಂತಿದ್ರು, ನಿಂತು ನಿಂತು ಸುಸ್ತಾಗಿ ಗ್ವಾಡಿಗೆ ಒರಗಿದ್ರು.

"ಹೆಸರೇನು ಯವ್ವಾ?" ಅಂತ ಆಕಿಗೇ ಕೇಳಿದೆ.

ಆಕಿ ಸೂಪರ್‌ವೈಸರ್ ಕಡೆ ತಿರುಗಿದಳು. "ಯಪ್ಪಾ, ಇದು ಯಾವ ಊರು? ಇಲ್ಲಿ ನನ್ನ ಹೆಸರೇನು?"

ಆ ಎರಡೂ ಊರಿಂದ ಜೋಡಿ ತಂದಿದ್ದ ಹಾಜರಿ ಪುಸ್ತಕ, ಇಲ್ಲೀದೂ ಕೂಡಿಸಿ ಮುಂದ ಹರವಿದೆ. ಆಕಿ ತೋರಿಸಿದ ತನ್ನ ಹೆಬ್ಬೆಟ್ಟಿನ ಮುಂದ ಮೂರು ಬ್ಯಾರೆ ಬ್ಯಾರೆ ಹೆಸರು. ನನಗ ಸಿಟ್ಟು ನೆತ್ತಿಗೇರಿತು. ಗುತ್ತಿಗಿದಾರ ಮೂವತ್ತು ಮಂದಿ ಕೆಲಸ ಹತ್ತು ಮಂದಿ ಮ್ಯಾಲೆ ಹೇರಿದ್ದ ಅಂತ ಅಲ್ಲೇ ವರದಿ ಬರದೆ, ಸೂಪರ್‌ವೈಸರ್ ಕಡಿಂದ ಸಹಿ ಹಾಕಿಸಿದೆ. ವಾರಕ್ಕೊಂದು ರಜಾ, ನಾಳಿಯಿಂದಾನೇ ಶುರು ಅಂತ ಆಕಿಗೆ ಚೀಟೀನೂ ಬರಸಿದೆ.

ಆಕಿ ಚೀಟಿ ಹಿಡಕೊಂಡು ನಿಂತಳು. "ಸಾಹೇಬ್ರ, ಈ ರಜಾ ಯಾರಿಗ್ರಿ? ರಾಯಚೂರಿನಾಕಿಗೋ, ದೇವದುರ್ಗದಾಕಿಗೋ, ಮಾನ್ವಿಯಾಕಿಗೋ?"

"ಮೂವರಿಗೂ ವಾರಕ್ಕೊಂದು ರಜಾ ಬರ್ತದ ಯವ್ವಾ."

ಸೂಪರ್‌ವೈಸರ್ ಬಾಯಿ ತೆಗದ. "ಸರ್, ಆಕಿ ಇರಾಕಿ ಒಬ್ಬಾಕೇ ರೀ!"

"ಮಧ್ಯಾಹ್ನ ಬ್ಯಾರೆ ಅಂದಿದ್ದೆಲ್ಲಪಾ?"



"ಹಂಗಾದ್ರ ಮೂರು ದಿನ ಆತು" ಅಂತ ಆಕಿ ಟೊಪ್ಪಿಗಿ ತೆಗದು ಅವನ ಕೈಯಾಗಿಟ್ಟಳು. "ಮೊಮ್ಮಗನ ನೋಡಾಕ ಮೂವರೂ ಹೋಗಿ ಬರ್ತೀವ್ರಿ."