ಗಡವನಿಗೊಂದು ಪಿಸ್ತೂಲು

ರೂಪಶ್ರೀ ತಾರಸಿಯಲ್ಲಿ ಹಳೆ ಪಂಚೆ ಹಾಸಿ ಮೂರನೇ ಸಾಲು ಅರಳು ಸಂಡಿಗೆ ಇಡುತ್ತಿದ್ದಾಗ ನೀರಿನ ಟ್ಯಾಂಕಿನ ಮೇಲೆ ಯಾರೋ ಆಕಳಿಸಿದಂತಾಯಿತು. ನೋಡಿದರೆ ಮೊಂಡು ಬಾಲದ ಗಡವ ಕೋತಿ. ಹಿಂದೆ ಅವನ ಸಂಸಾರವೆಲ್ಲ ಪಂಕ್ತಿಗೆ ಬಂದವರ ಹಾಗೆ ಸಾಲಾಗಿ ಕೂತಿತ್ತು.

ಹೋದ ವರ್ಷದ ಸಂಡಿಗೆಯನ್ನೂ ಅದರ ಹಿಂದಿನ ವರ್ಷದ್ದನ್ನೂ ಮುಗಿಸಿದ್ದು ಇದೇ ಗಡವ. ಭಾನುವಾರ ಚನ್ನರಾಯಪಟ್ಟಣದಲ್ಲಿ ನಾದಿನಿ ಸೌಜನ್ಯಳ ಸೀಮಂತ. "ನಿನ್ ಕೈಲಿ ಆಗಕಿಲ್ಲ ಕಣವ್ವ, ಸಂಡಿಗೆ ಅಂಗಡೀಲೇ ತಕ್ಕೊಂಬಾ" ಎಂದು ಅತ್ತೆ ಜಯಲಕ್ಷ್ಮಮ್ಮ ಫೋನಿನಲ್ಲಿ ನಕ್ಕಿದ್ದರು. ಆ ನಗು ರೂಪಶ್ರೀಯ ಕಿವಿಯಲ್ಲಿ ಇನ್ನೂ ಇತ್ತು.

"ಈ ಸಲ ಒಂದು ಸಂಡಿಗೆನೂ ಬಿಡಲ್ಲ ಕಣೋ ನಿಂಗೆ!" ಎಂದು ಸೌಟು ಬೀಸಿದಳು. ಗಡವ ಹೊಟ್ಟೆ ಕೆರೆದುಕೊಂಡ.

"ಕೋತಿ ಕೋವಿಗೆ ಮಾತ್ರ ಹೆದರೋದು ಕಣವ್ವ. ಆಟದ್ದಾದ್ರೂ ಸಾಕು, ತೋರ್ಸಿದ್ರೆ ಓಯ್ತವೆ" ಎಂದರು ಪಕ್ಕದ ತಾರಸಿಯಿಂದ ಪಾಲಾಕ್ಷಣ್ಣ.

ಮನೆಯಲ್ಲಿ ಕೋವಿ ಇತ್ತು. ಮಗಳು ದಿವ್ಯಾಳ ಶಾಲೆಯ ನಾಟಕಕ್ಕೆಂದು ಕೊಣನೂರಿನ ಸೋದರಮಾವ ಹಲಸಿನ ಮರದಲ್ಲಿ ಕೆತ್ತಿಕೊಟ್ಟ ಕಡಲ್ಗಳ್ಳರ ಪಿಸ್ತೂಲು. ಹಿಡಿ ಬಾಳೆಕಾಯಿಯ ಹಾಗೆ ಬಾಗಿತ್ತು, ನಳಿಗೆ ವಾಲಗದ ಬಾಯಿಯ ಹಾಗೆ ಅರಳಿತ್ತು. ರೂಪಶ್ರೀ ಅದನ್ನು ಎರಡೂ ಕೈಯಲ್ಲಿ ಹಿಡಿದು ಗುರಿಯಿಟ್ಟಳು. ಗಡವ ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಮರಿಯ ತಲೆಯಲ್ಲಿ ಹೇನು ಹುಡುಕತೊಡಗಿದ.

"ಅಮ್ಮಾ, ಅದು..." ಎಂದಳು ದಿವ್ಯಾ.

"ಸುಮ್ಕಿರು ಪುಟ್ಟಿ."

"ಇದು ತಾತನ ಕಾಲದ ಮಾಲು. ಈಗಿನ ಕೋತಿಗೆ ಎಂಗೆ ಗೊತ್ತಾಯ್ತದೆ?" ಎನ್ನುತ್ತ ಪಾಲಾಕ್ಷಣ್ಣ ಮೋಟುಗೋಡೆ ದಾಟಿ ಬಂದೇಬಿಟ್ಟರು. ರಾತ್ರಿ ತೋಟಕ್ಕೆ ನೀರು ಕಟ್ಟಲು ಹೋಗುವಾಗ ಹಾಕಿಕೊಳ್ಳುವ ತಲೆ ಟಾರ್ಚನ್ನು ಸೈಕಲ್ ಟ್ಯೂಬಿನಿಂದ ನಳಿಗೆಯ ಕೆಳಗೆ ಬಿಗಿದರು.

ಮೇಲಿನ ಕೋಣೆಯ ಬಾಡಿಗೆದಾರ ಅನಿಲ್‌ಕುಮಾರ್ ದಿನವಿಡೀ ಮೊಬೈಲಿನಲ್ಲಿ ಕಮಾಂಡೋ ವಿಡಿಯೋ ನೋಡುವವನು. ಅವನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಲೇಸರ್ ಇಲ್ದಿದ್ರೆ ಅದು ಗನ್ನೇ ಅಲ್ಲ" ಎಂದು ಬಿಸಿಲಲ್ಲೂ ಕಾಣುವ ಹಸಿರು ಲೇಸರ್ ಕೂರಿಸಿ, ಅದರ ಗುಂಡಿ ಒತ್ತಿಕೊಂಡೇ ಇರಲೆಂದು ಟೇಪು ಸುತ್ತಿದ. ಒಡೆದ ಬೈನಾಕ್ಯುಲರ್‌ನ ಅರ್ಧ ಮೇಲೆ ಹತ್ತಿತು. ಹಿಡಿಗೆ ಸ್ಕೂಟರ್ ಹ್ಯಾಂಡಲ್ಲಿನ ರಬ್ಬರು ಬಂತು. ಪಾಲಾಕ್ಷಣ್ಣನ ಹೆಂಡತಿ ಪ್ರೇಮಕುಮಾರಿ, "ಎಗಲಿಗೆ ಆಕ್ಕೊಳಕ್ಕೆ ಏನಾರ ಬ್ಯಾಡ್ವಾ?" ಎಂದು ಹಳೆ ಸ್ಕೂಲ್ ಬ್ಯಾಗಿನ ಪಟ್ಟಿ ಹೊಲಿದುಕೊಟ್ಟರು.

ಕೊನೆಗೆ ಪಿಸ್ತೂಲು ಮದುವೆ ಮನೆಗೆ ಹೊರಟ ಹೆಂಗಸಿನಷ್ಟು ಅಲಂಕಾರ ಮಾಡಿಕೊಂಡು, ಅಷ್ಟೇ ಭಾರವಾಗಿ ಕೂತಿತು.

"ಅಮ್ಮಾ, ಒಂದ್ ಮಾತು..."

"ಆಮೇಲೆ ಚಿನ್ನ. ಈಗ ಯುದ್ಧ."

ರೂಪಶ್ರೀ ಸೆರಗು ಸಿಕ್ಕಿಸಿ ಗುರಿಯಿಟ್ಟಳು. ಹಸಿರು ಚುಕ್ಕಿ ಗಡವನ ಹೊಟ್ಟೆಯ ಮೇಲೆ ಬಿತ್ತು. ಅವನು ಅದನ್ನು ಹೆಕ್ಕಿ ತಿನ್ನಲು ನೋಡಿದ. ಸಿಗಲಿಲ್ಲ. ಎಲ್ಲಿಂದ ಬರುತ್ತಿದೆ ಎಂದು ಕತ್ತೆತ್ತಿ ನೋಡಿ ಒಂದೇ ನೆಗೆತಕ್ಕೆ ಬಂದು, ಪ್ರೇಮಕುಮಾರಿ ಹೊಲಿದ ಪಟ್ಟಿಗೇ ಕೈಹಾಕಿ, ಪಿಸ್ತೂಲನ್ನು ಕಿತ್ತುಕೊಂಡು ಟ್ಯಾಂಕ್ ಹತ್ತಿದ.

ಹತ್ತಿ, ಈ ಕಡೆ ತಿರುಗಿದ.

ಹಸಿರು ಚುಕ್ಕಿ ಪಾಲಾಕ್ಷಣ್ಣನ ಬನಿಯನ್ನಿನ ಮೇಲೆ ನಿಂತಿತು.

"ಅಯ್ಯಯ್ಯಪ್ಪಾ! ನನ್ ಮ್ಯಾಕೇ ಇಟ್ಟವ್ನೆ!" ಎಂದು ಅವರು ಮೆಟ್ಟಿಲ ಕಡೆ ಓಡಿದರು. "ಎಲ್ರೂ ಬಗ್ಗಿ, ಬಗ್ಗಿ!" ಎನ್ನುತ್ತ ಅನಿಲ್‌ಕುಮಾರ್ ಅವರಿಗಿಂತ ಮುಂದೆ ಓಡಿದ. ಪ್ರೇಮಕುಮಾರಿ ದಿವ್ಯಾಳನ್ನು ಎಳೆದುಕೊಂಡು ಇಳಿದರು.

ರೂಪಶ್ರೀ ಮಾತ್ರ ಪಂಚೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹೊಡಿ ನೋಡಾಣ! ಹೊಡಿಯೋ, ಧೈರ್ಯ ಇದ್ರೆ!"

ಚುಕ್ಕಿ ನಿಧಾನವಾಗಿ ಮೇಲೇರಿ ಅವಳ ಎದೆಯ ಮೇಲೆ, ಸರಿಯಾಗಿ ತಾಳಿಯ ಪಕ್ಕದಲ್ಲಿ ನಿಂತಿತು.

ಮರುಕ್ಷಣ ಅವಳೂ ಮೆಟ್ಟಿಲ ಬಾಗಿಲಿನ ಒಳಗಿದ್ದಳು. ಚಿಲಕ ಹಾಕಿ, ಬಾಗಿಲಿಗೆ ಬೆನ್ನುಕೊಟ್ಟು ಏದುಸಿರು ಬಿಟ್ಟಳು. ಹೊರಗೆ ಇಡೀ ಸಂಸಾರ ಟ್ಯಾಂಕಿನಿಂದ ಧೊಪ್ಪಧೊಪ್ಪನೆ ಇಳಿದ ಸದ್ದು. ಆಮೇಲೆ ಸೀಮಂತದ ಸಂಡಿಗೆಯನ್ನು ಹಸಿಹಸಿಯಾಗಿಯೇ ನೆಕ್ಕುವ ಸದ್ದು.

"ಇನ್ನೊಂದ್ಸಲ ಇಡ್ತೀನಿ! ನಾಳೇನೇ ಇಡ್ತೀನಿ!" ಎಂದು ರೂಪಶ್ರೀ ಬಾಗಿಲ ಈಚೆಯಿಂದಲೇ ಕೂಗಿದಳು.

"ಜೋರಾಗಿ ಕೂಗ್ಬೇಡಿ ಅಕ್ಕಾ, ಅವ್ನ್ ಕೈಲಿ ಗನ್ ಐತೆ" ಎಂದು ಅನಿಲ್‌ಕುಮಾರ್ ಪಿಸುಗುಟ್ಟಿದ.

ಕತ್ತಲ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ದೊಡ್ಡವರನ್ನೆಲ್ಲ ದಿವ್ಯಾ ಒಬ್ಬೊಬ್ಬರಾಗಿ ನೋಡಿದಳು. ಈಗ ಅವಳನ್ನು ಸುಮ್ಮನಿರು ಎನ್ನುವವರು ಯಾರೂ ಇರಲಿಲ್ಲ.

"ಅಮ್ಮಾ, ಅದು ಮರದ್ದು ಅಂತ ಕೋತಿಗೇ ಗೊತ್ತಿತ್ತು. ನಿಮಗ್ಯಾರಿಗೂ ಗೊತ್ತಿಲ್ವಾ?"