ಅವಿರೋಧ ಆಯ್ಕೆ

ಎಲ್‌ಬ್ರಿಜ್ ಥೇಯರ್ ಆ ಮಂಗಳವಾರ ಪುರಭವನದ ಅಡುಗೆಮನೆಗೆ ಕಾಲಿಡದೇ ಇದ್ದಿದ್ದರೆ ಅವರ ಮಾನ ಉಳಿಯುತ್ತಿತ್ತು.

ಹದಿನಾರು ವರ್ಷ ವಾಷಿಂಗ್ಟನ್ನಿನ ಸಂಸತ್ತಿನಲ್ಲಿ ಕೂತು ಬಂದವರು. ನವೆಂಬರಿನಲ್ಲಿ ಸೋತು ನ್ಯೂ ಹ್ಯಾಂಪ್‌ಶೈರಿನ ತಮ್ಮ ಹಳ್ಳಿಗೆ ಮರಳಿದ ಮೇಲೆ ಮೂಸಿ ನೋಡುವವರಿರಲಿಲ್ಲ. ಮಾರ್ಚ್ ತಿಂಗಳ ಊರಸಭೆಗೆ ಅಧ್ಯಕ್ಷರಾಗಿ ಆಯ್ಕೆಯಾದರೆ ಸರಿ, ಇಲ್ಲವಾದರೆ ತಮ್ಮ ರಾಜಕೀಯಕ್ಕೆ ಎಳ್ಳುನೀರು ಬಿಟ್ಟಂತೆಯೇ ಎಂದು ಅವರಿಗೆ ಗೊತ್ತಿತ್ತು.

ಸಭೆಯ ದಿನ ಬೆಳಿಗ್ಗೆಯೇ ಪಕ್ಕದ ಮನೆಯ ಹೈರಮ್ ಕೋಲ್ ಬಂದು ಕಿವಿಯೂದಿದ.

"ಭಾಷಣ ಮಾಡಿ ಮಾಡಿನೇ ಸೋತಿದ್ದು ನೀವು. ಈ ಊರಲ್ಲಿ ಓಟಿರೋದು ಅಡುಗೆಮನೇಲಿ ಸಾರ್. ಅಲ್ಲಿ ಹೆಂಗಸರ ಹತ್ರ ನಾಲ್ಕು ಒಳ್ಳೆ ಮಾತಾಡಿ. ಸಭೇಲಿ ನಿಮ್ಮ ಹೆಸರೆತ್ತೋದು ನನಗೆ ಬಿಡಿ."

ಥೇಯರ್ ಹೋದರು. ಸಭೆಗೆ ಬಂದವರ ಊಟಕ್ಕೆ ಅಲ್ಲಿ ಊರ ಹೆಂಗಸರ ಅಡುಗೆ ನಡೆದಿತ್ತು. ಡಾರ್ಕಸ್ ಅಜ್ಜಿ ಬೀನ್ಸ್ ಪಾತ್ರೆಯ ಸೌಟನ್ನು ಅವರ ಕೈಗೆ ತುರುಕಿದಳು.

"ಅಮ್ಮಾ, ನಿಮ್ಮ ಬೆಂಬಲ..."

"ತಳ ಹಿಡಿಯುತ್ತೆ, ಮೊದ್ಲು ತಿರುವಪ್ಪ!"

ಬೀನ್ಸ್ ಆದ ಮೇಲೆ ಸೇಬಿನ ಪೈಗಳ ಸರದಿ. ಒಬ್ಬಳದನ್ನು ಬಿಟ್ಟರೂ ಒಂದು ಓಟು ಹೋದಂತೆ ಎಂದು ಎಲ್ಲರದನ್ನೂ ತಿಂದು ಹೊಗಳಿದರು. ಹೊಟ್ಟೆ ತಮಟೆಯಾಯಿತು.

ಅಷ್ಟರಲ್ಲಿ ಸಭಾಂಗಣದಿಂದ "ಥೇಯರ್! ಥೇಯರ್!" ಎಂಬ ಕೂಗು. ಬಾಯಿ ಒರೆಸಿಕೊಳ್ಳುತ್ತಾ ಓಡಿದರು.

"ಅವಿರೋಧ ಆಯ್ಕೆ!" ಎಂದು ಯಾರೋ ಕಿರುಚಿದರು.

ಚಪ್ಪಾಳೆಯೋ ಚಪ್ಪಾಳೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕಾಣದ ಪ್ರೀತಿ! ಥೇಯರರ ಕಣ್ಣು ತುಂಬಿತು. ಜನರ ಕಡೆಗೇ ಮುಖಮಾಡಿ ವೇದಿಕೆ ಹತ್ತಿದರು.

"ನೀವು ಹೊರಿಸಿದ ಹೊಣೆ ಎಂಥದ್ದೇ ಇರ್ಲಿ, ಉಸಿರಿರೋವರೆಗೂ ಹೊರ್ತೀನಿ!"

ಜನ ಬಿದ್ದು ಬಿದ್ದು ನಕ್ಕರು. ಸಂತೋಷ ತಡೆಯಲಾಗುತ್ತಿಲ್ಲ ಪಾಪ, ಎಂದುಕೊಂಡರು ಥೇಯರ್.

ಬೆನ್ನ ಹಿಂದೆ ಟಕ್ ಟಕ್ ಎಂದು ಸುತ್ತಿಗೆಯ ಸದ್ದು. ತಿರುಗಿದರೆ ಅಧ್ಯಕ್ಷರ ಕುರ್ಚಿಯಲ್ಲಿ ಹೈರಮ್ ಕೂತಿದ್ದಾನೆ!

"ಮಾತು ಕೊಟ್ರಲ್ಲ, ಸಾಕು. ತಗೊಳ್ಳಿ ಹಗ್ಗ."

"ಹಗ್ಗ ಯಾಕಯ್ಯಾ?"

"ತಪ್ಪಿಸ್ಕೊಂಡ ಹಂದಿ ಹಿಡಿಯೋ ಹುದ್ದೆ ಸಾರ್, ಬರಿಗೈಲಿ ಹಿಡೀತೀರಾ? ಆಯ್ಕೆ ಹೊತ್ತಿಗೆ ಸಭೇಲಿ ಯಾರಿರಲ್ವೋ ಅವರ ಕೊರಳಿಗೇ ಅದನ್ನ ಕಟ್ಟೋದು. ಅಜ್ಜಂದಿರ ಕಾಲದ ಪದ್ಧತಿ. ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಸಂಸದರಾಗಿದ್ದಷ್ಟು ವರ್ಷವೂ ಈ ಸಭೆಗೆ ಬಂದು, ಕೈಬೀಸಿ, ಫೋಟೋ ತೆಗೆಸಿಕೊಂಡು, ಅದು ಶುರುವಾಗುವ ಮೊದಲೇ ಕಾರು ಹತ್ತಿದವರು ಅವರು. ಅವಮಾನಕ್ಕೆ ಕಿವಿ ಕೆಂಪಾಯಿತು.

"ಹೆಸರಿಗಷ್ಟೇ ಹುದ್ದೆ ತಾನೇ?" ಎಂದರು ಮೆತ್ತಗೆ.

"ಇಷ್ಟು ದಿನ ಹಂಗೇ ಇತ್ತು. ಈಗ ನಮ್ಮನೆ ಹಂದಿ ಪಾದ್ರಿಗಳ ಅಂಗಳಕ್ಕೆ ನುಗ್ಗಿದೆಯಂತೆ. ಹೊರಡಿ, ಹೊರಡಿ."

ಇಡೀ ಊರು ಕಿಟಕಿಗಳಿಗೆ ಮುತ್ತಿಕೊಂಡಿತು. ಕೆಸರಿನಲ್ಲಿ ಹಂದಿ ಮುಂದೆ, ಮಾಜಿ ಸಂಸದರು ಹಿಂದೆ. ಪಾದ್ರಿಗಳ ಬೇಲಿಯ ಹತ್ತಿರ ಕಾಲು ಜಾರಿ ಬಿದ್ದರೂ ಥೇಯರ್ ಹಗ್ಗ ಬಿಡಲಿಲ್ಲ. ಎದ್ದು ಮತ್ತೆ ಓಡಿದರು.

"ಪರವಾಗಿಲ್ವೇ, ಓಡ್ತಾನೆ!" ಎಂದಳು ಡಾರ್ಕಸ್ ಅಜ್ಜಿ. "ಮುಂದಿನ ವರ್ಷಕ್ಕೂ ಇವ್ನೇ ಇರ್ಲಿ ಕಣ್ರೋ."

ಹೈರಮ್ ಅದನ್ನು ಮತಕ್ಕೆ ಹಾಕಿದ. ಕಿಟಕಿಯಿಂದ ಕಣ್ಣು ಕೀಳದೆಯೇ ಎಲ್ಲರೂ ಕೈ ಎತ್ತಿದರು.