ಬಿಸಿಗೆ ನಿಲ್ಲುವ ಬಣ್ಣ

ನಾನು ಮನೆ ಬಿಟ್ಟಿದ್ದು ಒಂದು ಮಂಗಳವಾರ, ಸ್ಕೂಲಿಂದಲೇ. ಲೆಕ್ಕದ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು, ನಾನು ಬಾಗಿಲ ಕಡೆ ತಿರುಗಿದೆ. ಆವತ್ತಿಂದ ಗ್ಯಾರೇಜಿಂದ ಗ್ಯಾರೇಜಿಗೆ ಅಲೆದಾಟ. ಕೈಗೆ ಹತ್ತಿದ್ದು ಬಣ್ಣದ ಕೆಲಸ, ಹಣೆಗೆ ಅಂಟಿದ್ದು ಮ್ಯಾನಿಫೋಲ್ಡು. ಇಂಜಿನ್ನಿನ ಬಿಸಿ ಹೊಗೆಯನ್ನೆಲ್ಲ ಒಟ್ಟುಮಾಡಿ ಸೈಲೆನ್ಸರಿಗೆ ದಾಟಿಸೋ ಬೀಡುಕಬ್ಬಿಣದ ಕೊಳವೆ ಅದು, ಕೆಂಡದಂಗೆ ಕಾಯುತ್ತೆ. ಅದರ ಮೇಲೆ ಬಣ್ಣ ನಿಂತರೆ ನಾನು ಆ ಊರಲ್ಲಿ ನಿಲ್ಲಬಹುದು, ಬಣ್ಣ ಎದ್ದರೆ ನಾನೂ ಏಳಬೇಕು. ಹಂಗಾಗಿ ಯಾರಾದರೂ ಕೀ ತಿರುಗಿಸಿದರೆ ಸಾಕು, ಮೊದಲು ಬಿಸಿಯಾಗೋದು ನನ್ನ ಕಿವಿ. ಈಗ ಹೇಳೋ ಅಂಥವೆಲ್ಲ ಆಗೋದೂ ನನಗೇ.

ಚನ್ನಗಿರಿಯ ಹಪ್ಪಳ

ಅಲ್ಲಿನ ಗ್ಯಾರೇಜಿಗೆ ಕೆರೆಬಿಳಚಿ ಊರಿನವರದೊಂದು ಟ್ರ್ಯಾಕ್ಟರ್ ಬಂತು. ಗೇಟಿಗೆ ಬಳಿಯೋ ಸಿಲ್ವರ್ ಬಣ್ಣವನ್ನೇ ಮ್ಯಾನಿಫೋಲ್ಡಿಗೆ ಎರಡು ಕೋಟು ಕೊಟ್ಟೆ. ಬೆಳ್ಳಿ ಬಿಂದಿಗೆ ಹಂಗೆ ಫಳಫಳ. ನೋಡಿದವರೆಲ್ಲ ಹೊಗಳಿದರು. ಇಂಜಿನ್ ಚಾಲೂ ಮಾಡಿದರು. ಮೊದಲು ಒಂದು ಗುಳ್ಳೆ, ಆಮೇಲೆ ಹತ್ತಾರು, ಆಮೇಲೆ ಚಟಪಟ ಸದ್ದು. ಬಣ್ಣ ಉಬ್ಬಿ ಉಬ್ಬಿ ಕೆಳಗೆ ಬೀಳುತ್ತಿತ್ತು. ಟ್ರ್ಯಾಕ್ಟರ್ ಯಜಮಾನರು ಸಿಟ್ಟು ಮಾಡಲಿಲ್ಲ, ನಿಧಾನಕ್ಕೆ ಬಗ್ಗಿ ನೋಡಿದರು.

"ಹಪ್ಪಳ ಚೆನ್ನಾಗಿ ಸುಡ್ತೀಯಪ್ಪ. ಅನ್ನ ಸಾರು ಎಲ್ಲೈತೆ?"

ಊಟದ ಹೊತ್ತಿಗೆ ನಾನು ಬಸ್ಸಿನಲ್ಲಿದ್ದೆ.

ಹೊನ್ನಾಳಿಯ ಬನ್ನು

ಹೊನ್ನಾಳಿಗೆ ಬಂದ ಮೇಲೆ ಬುದ್ಧಿ ಬಂತು. ಶಾಖ ತಡೆಯೋ ಬಣ್ಣ ಅಂತಲೇ ಬೇರೆ ಸಿಗುತ್ತೆ. ಬಳಿದ ಮೇಲೆ ಅದನ್ನು ಸಣ್ಣ ಉರಿಯಲ್ಲಿ ಹದವಾಗಿ ಕಾಯಿಸಬೇಕು, ಆಗಲೇ ಗಟ್ಟಿಯಾಗೋದು ಅಂತ ಅಂಗಡಿಯವರು ಹೇಳಿಕೊಟ್ಟರು. ಸಣ್ಣ ಉರಿ ಎಲ್ಲಿಂದ ತರೋದು? ಪಕ್ಕದಲ್ಲೇ ಬೇಕರಿ ಇತ್ತು. ಭಟ್ಟಿ ಆರೋ ಹೊತ್ತಿಗೆ ಬೇಕರಿಯವರ ಕೈಕಾಲು ಹಿಡಿದು, ಲಾರಿಯ ಮ್ಯಾನಿಫೋಲ್ಡನ್ನು ಟ್ರೇ ಮೇಲೆ ಮಲಗಿಸಿ ಒಳಗೆ ತಳ್ಳಿದೆ. ಬಣ್ಣ ಕಲ್ಲಿನಂಗೆ ಕೂತಿತು. ಗೆದ್ದೆ ಅಂದುಕೊಂಡೆ.

ಮಾರನೇ ದಿನ ಆ ಭಟ್ಟಿಯಲ್ಲಿ ಬೆಂದ ಖಾರ ಬನ್ನನ್ನು ಡ್ರೈವರೊಬ್ಬರು ಕಚ್ಚಿ, ಮೂಸಿ, ಮತ್ತೆ ಕಚ್ಚಿ ಬೇಕರಿಯವರನ್ನು ಕೇಳಿದರು:

"ರುಚಿಯೇನೋ ಐತೆ. ಇದನ್ನ ತಿಂದ ಮೇಲೆ ಬೀಡಿ ಹಚ್ಚಬೋದೇನ್ರೀ?"

ಬಣ್ಣ ನಿಂತರೂ ನಾನು ಏಳಬೇಕಾದ ಊರು ಅದೊಂದೇ.

ನ್ಯಾಮತಿಯ ಅಜ್ಜಿ

ನ್ಯಾಮತಿಯ ಮೇಸ್ತ್ರಿ ಒಳ್ಳೆಯವರು. ಗ್ಯಾರೇಜಿನ ಹಿಂದೆ ಒಂದು ರೂಮು ತೋರಿಸಿ, ಗೋವಿನಕೋವಿ ಊರಿನ ಸಾಹುಕಾರರ ಹಳೇ ಜೀಪಿನ ಮ್ಯಾನಿಫೋಲ್ಡಿಗೆ ಬಣ್ಣ ನಿಂತರೆ ಇಲ್ಲೇ ಇದ್ದುಬಿಡು ಅಂದರು. ಕಿಟಕಿ ಇದ್ದ ರೂಮು. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದೆ, ಥಿನ್ನರಿನಲ್ಲಿ ಒರೆಸಿದೆ, ತೆಳ್ಳಗೆ ಬಳಿದೆ. ಇಂಜಿನ್ನನ್ನು ಸ್ವಲ್ಪ ಸ್ವಲ್ಪವೇ ಓಡಿಸಿ, ಆರಿಸಿ, ಮತ್ತೆ ಓಡಿಸಿ ಹದಕ್ಕೆ ತರೋದು ಅಂತ ನನ್ನ ಲೆಕ್ಕ.

ಅಷ್ಟರಲ್ಲಿ ಸಾಹುಕಾರರು ಅವರ ತಾಯಿಯ ಜೊತೆ ಗಾಡಿ ಪೂಜೆಗೆ ಬಂದುಬಿಟ್ಟರು. ಅಜ್ಜಿ ವಿಭೂತಿ ಕಲಸಿಕೊಂಡು, ಈ ಗಾಡಿಗೆ ಜೀವ ಎಲ್ಲೈತಪ್ಪ ಅಂದರು. ನಾನು ಜಂಬದಲ್ಲಿ ಹಸಿ ಬಣ್ಣದ ಕಡೆ ಕೈ ತೋರಿಸಿದೆ. ಅಜ್ಜಿ ಅದರ ಮೇಲೆ ಮೂರು ಬೆರಳು ವಿಭೂತಿ ಎಳೆದೇಬಿಟ್ಟರು. ನಾನು ತಡೀರಿ ಅನ್ನೋಷ್ಟರಲ್ಲಿ ಸಾಹುಕಾರರು ಜೀಪು ಹತ್ತಿ, ಗುಡ್ಡದ ದೇವಸ್ಥಾನಕ್ಕೆ ಒಂದೇ ಉಸಿರಿಗೆ ಏರಿಸಿದರು.

ವಾಪಸ್ ಬಂದಾಗ ಬಾನೆಟ್ ಎತ್ತಿದರೆ ನನ್ನ ಬಣ್ಣದ ಗುರುತೂ ಇಲ್ಲ. ವಿಭೂತಿಯ ಮೂರು ಪಟ್ಟೆ ಮಾತ್ರ ಹಂಗೇ ಇದ್ದವು, ಉಗುರಲ್ಲಿ ಕೆರೆದರೂ ಬರಲಿಲ್ಲ.

"ಅದು ಮೊದ್ಲೇ ಸುಟ್ಟಿರೋದು ಕಣಪ್ಪ," ಅಂದರು ಅಜ್ಜಿ. "ಇನ್ನೇನು ಸುಡುತ್ತೆ?"

ಸುದ್ದಿ ಹಬ್ಬಿತು. ಬೆಳಗಾಗೋದರೊಳಗೆ ಗ್ಯಾರೇಜಿನ ಮುಂದೆ ಟ್ರ್ಯಾಕ್ಟರುಗಳ ಸಾಲು. ಎಲ್ಲರಿಗೂ ವಿಭೂತಿ ಕೋಟೇ ಬೇಕಂತೆ, ಅದೂ ಗ್ಯಾರಂಟಿ ಸಮೇತ. ನಾನು ಕಿಟಕಿಯನ್ನೊಮ್ಮೆ ನೋಡಿ, ಲುಂಗಿ, ಟವೆಲ್ಲು, ಬ್ರಷ್ಷುಗಳನ್ನು ಬ್ಯಾಗಿಗೆ ತುಂಬಿಕೊಂಡೆ. ಜಗಳೂರಿನಲ್ಲಿ ಒಂದು ಗ್ಯಾರೇಜು ಐತೆ ಅಂತ ಕೇಳಿದ್ದೆ. ಬಾಗಿಲಲ್ಲಿ ಮೇಸ್ತ್ರಿ. ತಡೀತಾರೇನೋ ಅಂತ ನಿಂತೆ. ಬ್ರಷ್ಷುಗಳು ಗ್ಯಾರೇಜಿನವು, ಇಟ್ಟು ಹೋಗಲಾ ಅಂತಲೂ ಕೇಳಿದೆ.

"ತಗೊಂಡು ಹೋಗಪ್ಪ," ಅಂದರು. "ಅಜ್ಜಿ ಬೆರಳಲ್ಲೇ ಬಳೀತಾರಂತೆ."